ರೊಟ್ಟಿ ಕೊಟ್ಟೆ ಅಂತ ಬರೆದಿದ್ದೆ

ಮೈಲೂರ, ಬೀದರ
೨ ಫೆಬ್ರುವರಿ ೨೦೨೫, ರವಿವಾರ

ಪ್ರಿಯ ಸಪನಾ,

ಕರ್ತನ ಹೆಸರಿನಲ್ಲಿ ವಂದನೆ.

ಇದನ್ನು ನಿನಗೆ ಹೇಳದೆಯೇ ಇದ್ದುಬಿಡೋಣ ಎಂದುಕೊಂಡಿದ್ದೆ. ಕೆಟ್ಟ ವಿಷಯ ಅಂತಲ್ಲ, ನೀನು ಸಂಕೋಚಪಡುತ್ತೀ ಅಂತ. ಆದರೆ ಬೇರೆಯವರ ಬಾಯಿಂದ ತಿಳಿಯುವುದಕ್ಕಿಂತ ನಾನೇ ಬರೆಯುವುದು ಸರಿ. ಇಂದು ಸಭೆಯಲ್ಲಿ ಎದ್ದು ನಿಂತು ನಿನ್ನ ಬಗ್ಗೆ ಸಾಕ್ಷಿ ಹೇಳಿದೆ.

ಹೊಸ ವರ್ಷದಿಂದ ಪಾಸ್ಟರು ಪವಿತ್ರಾತ್ಮನ ಫಲಗಳ ಮೇಲೆ ವಾರಕ್ಕೊಂದು ಪ್ರಸಂಗ ಮಾಡುತ್ತಿದ್ದಾರೆ. ಈ ವಾರ ಒಳ್ಳೆಯತನದ ಸರದಿ. ಒಳ್ಳೆಯತನ ಹುಟ್ಟುಗುಣವಲ್ಲ, ಬೇಸಾಯ, ದಿನಾ ಹೊಲಕ್ಕೆ ಇಳಿಯಬೇಕು ಎಂದರು. ಕೊನೆಗೆ, ‘ನಿಮ್ಮ ಮನ್ಯಾಗ, ಓಣ್ಯಾಗ ಇಂಥಾದ್ದು ಕಂಡವರು ಯಾರರೆ ಇದ್ರ ಎದ್ದು ಹೇಳ್ರಿ’ ಎಂದರು. ಯಾರೂ ಏಳಲಿಲ್ಲ. ತರಗತಿಯಲ್ಲಿ ಪ್ರಶ್ನೆ ಕೇಳಿದ ಮೇಲೆ ಒಂದೂ ಕೈ ಮೇಲೇಳದಿದ್ದರೆ ನನಗೆ ತಡೆಯಲಾಗುವುದಿಲ್ಲ. ಅದೇ ಚಡಪಡಿಕೆ ಆಯಿತು. ಎದ್ದೆ.

ನನ್ನ ತಮ್ಮ ವಸಂತ ಗಾಂಧಿ ಗಂಜಿನ ಧಾನ್ಯದ ಪೇಟೆಯ ಅಡತ ಅಂಗಡಿಯಲ್ಲಿ ಗುಮಾಸ್ತನಾಗಿದ್ದದ್ದು, ಹೋದ ಆಗಸ್ಟಿನಲ್ಲಿ ಭಾಲ್ಕಿ ರಸ್ತೆಯಲ್ಲಿ ಅವನ ಮೋಟಾರ್ ಸೈಕಲ್ಲಿಗೆ ಯಾವುದೋ ಗಾಡಿ ಹಾಯ್ದು ಅವನು ಸತ್ತದ್ದು, ಆ ಗಾಡಿ ಪೊಲೀಸರಿಗೂ ಸಿಗದೆ ಹೋದದ್ದು ಎಲ್ಲರಿಗೂ ಗೊತ್ತೇ ಇತ್ತು. ಗೊತ್ತಿಲ್ಲದ್ದನ್ನು ಹೇಳಿದೆ. ವಸಂತನ ಹೆಂಡತಿ ಔರಾದದ ಹುಡುಗಿಯರ ಹಾಸ್ಟೆಲಿನಲ್ಲಿ ಅಡುಗೆ ಮಾಡಿಕೊಂಡಿದ್ದಾಳೆ; ಹೋದ ತಿಂಗಳು ಆ ಅಡುಗೆಮನೆಯ ಬಾಗಿಲಿಗೆ ಒಬ್ಬ ಬಂದ; ಹೊಡೆದ ಗಾಡಿ ನನ್ನದೇ ಎಂದ; ಅವಳು ಅವನಿಗೆ ತಟ್ಟೆ ಕೊಟ್ಟು ಬಡಿಸಿದಳು. ‘ಅವಳು ಅವನನ್ನು ಕ್ಷಮಿಸಿದಳು’ ಎನ್ನುವಾಗ ನನ್ನ ದನಿ ಒಡೆಯಿತು. ಹೆಂಗಸರ ಸಾಲಿನಲ್ಲಿ ಸೆರಗು ಕಣ್ಣಿಗೆ ಹೋಗದವರಿಲ್ಲ. ಚಂದ್ರಭಾಗಾ ಆಯಿ ಹೊರಗೆ ಬಂದು ನನ್ನ ಕೆನ್ನೆ ಸವರಿ, ‘ನಿಮ್ಮವ್ವ ಅಂಬೂಬಾಯಿ ಇವತ್ತ ಇರಬೇಕಾಗಿತ್ತು ನೋಡವ್ವಾ’ ಎಂದಳು.

ಅವನ ಹೆಸರು ಹೇಳಲಿಲ್ಲ, ಹೆದರಬೇಡ. ಸಾಯಗಾಂವದವ, ಸೋಯಾ ತೊಗರಿ ಹೇರುವ ಪಿಕಪ್ ಇಟ್ಟವ, ಮನೆಯಲ್ಲಿ ತಾಯಿ ಒಬ್ಬಳೇ ಅಂತ ಮಾತ್ರ ಹೇಳಿದೆ. ಅಷ್ಟೂ ಇಲ್ಲದಿದ್ದರೆ ಕಟ್ಟುಕಥೆಯಂತೆ ಕೇಳಿಸುತ್ತಿತ್ತು.

ಮಯೂರ ಗಂಡಸರ ಸಾಲಿನಲ್ಲಿ ಕೂತಿದ್ದ. ಅವನಿಗೂ ಈ ಸಂಗತಿ ಅಲ್ಲೇ ಮೊದಲ ಸಲ ತಿಳಿದದ್ದು. ನಿನ್ನ ಪತ್ರ ಬಂದಾಗ ಕಾಲೇಜಿನ ಪರೀಕ್ಷೆ ನಡೆದಿತ್ತು, ಹೇಳಿರಲಿಲ್ಲ. ಮನೆಗೆ ಬರುವ ದಾರಿಯುದ್ದಕ್ಕೂ ನನ್ನನ್ನು ಬಿಟ್ಟು ಮುಂದೆ ಮುಂದೆ ನಡೆದ. ಸೋದರಮಾವನ ಗಾಡಿಯ ಟ್ಯಾಂಕಿನ ಮೇಲೆ ಕೂತು ಬೆಳೆದ ಹುಡುಗ. ಮನಸ್ಸಿಗೆ ತಟ್ಟಿದೆ.

ಸಂಜೆ ಹಿಟ್ಟು ನಾದುವಾಗ ಅವ್ವನ ನೆನಪಾಯಿತು. ರೊಟ್ಟಿ ಮಾಡಲು ಕೂರುವ ಮೊದಲು ಒಂದು ಹಿಡಿ ಹಿಟ್ಟು ತೆಗೆದು ಬೇರೆ ಡಬ್ಬಿಗೆ ಹಾಕುತ್ತಿದ್ದಳಲ್ಲ, ರವಿವಾರ ಸಭೆಗೆ ಒಯ್ದು ಇಲ್ಲದವರಿಗೆ ಕೊಡಲು. ನಮ್ಮ ಮನೆಯಲ್ಲೇ ಹಿಟ್ಟು ಸಾಲದ ದಿನ ನಾನು ಜಗಳವಾಡುತ್ತಿದ್ದೆ. ‘ಮನಸ್ಸು ಬಂದಾಗ ತೆಗಿತೇನಿ ಅಂದ್ರ ಡಬ್ಬಿ ತುಂಬಂಗಿಲ್ಲ’ ಎನ್ನುತ್ತಿದ್ದಳು. ನಾನು ಅದನ್ನು ಯಾವಾಗ ಬಿಟ್ಟೆನೋ ನೆನಪಿಲ್ಲ. ನಾನು ನಿನ್ನ ಬಗ್ಗೆ ಹೇಳಿದೆನೋ, ನನ್ನಲ್ಲಿ ಇಲ್ಲದ್ದನ್ನು ನಿನ್ನಿಂದ ತಂದು ತೋರಿಸಿದೆನೋ?

ಫೋನ್ ಮಾಡಬಹುದಿತ್ತು. ವಸಂತನ ಸುದ್ದಿ ಬಂದಂದಿನಿಂದ ನೀನು ಫೋನನ್ನೇ ಮುಟ್ಟುವುದಿಲ್ಲ, ಅದಕ್ಕೆ ಬರೆದೆ.

ನಿನ್ನ ಅಕ್ಕ,
ವರದಾ

*

ಔರಾದ
೮ ಫೆಬ್ರುವರಿ ೨೦೨೫

ಅಕ್ಕನವರಿಗೆ ಸಪನಾ ಮಾಡುವ ವಂದನೆಗಳು.

ನಿಮ್ಮ ಪತ್ರ ಮುಟ್ಟಿತು. ಇಲ್ಲಿ ಎಲ್ಲರೂ ಚೆನ್ನಾಗಿದ್ದೇವೆ. ಹತ್ತನೆಯ ಈಯತ್ತೆಯ ಹುಡುಗಿಯರು ಪರೀಕ್ಷೆ ಅಂತ ಓದುತ್ತಾ ಓದುತ್ತಾ ಊಟಕ್ಕೆ ಬರುತ್ತಾರೆ, ಪುಸ್ತಕಕ್ಕೆಲ್ಲ ಪಲ್ಯ.

ಅಕ್ಕ, ನಾನು ಕ್ಷಮಿಸಿದೆ ಅಂತ ಬರೆದಿರಲಿಲ್ಲ. ರೊಟ್ಟಿ ಕೊಟ್ಟೆ ಅಂತ ಬರೆದಿದ್ದೆ.

ಆ ಹೊತ್ತಿನಲ್ಲಿ ಹುಡುಗಿಯರು ತಟ್ಟೆ ಹಿಡಿದು ಸಾಲಾಗಿ ನಿಂತಿದ್ದರು. ತಟ್ಟೆ ಮುಂದೆ ಬಂದರೆ ನನ್ನ ಕೈ ರೊಟ್ಟಿ ಹಾಕುತ್ತದೆ, ನಾನು ಮುಖ ನೋಡುವುದಿಲ್ಲ. ಆ ವೈಜಿನಾಥ ಬಾಗಿಲಲ್ಲಿ ನಿಂತು ಹೇಳಬೇಕಾದದ್ದು ಹೇಳಿದ. ‘ಊಟ ಆಗ್ಯಾದೇನು?’ ಅಂದೆ. ಆ ಮಾತು ಎಲ್ಲಿಂದ ಬಂತೋ ಗೊತ್ತಿಲ್ಲ. ಇಲ್ಲ ಅಂದ. ತಟ್ಟೆ ಕೊಟ್ಟೆ. ಅವನು ಹೋದ ಮೇಲೆ ಆ ತಟ್ಟೆಯನ್ನು ಬೂದಿ ಹಚ್ಚಿ ತಿಕ್ಕಿ ತಿಕ್ಕಿ ಬೇರೆ ಇಟ್ಟೆ. ಇನ್ನೂ ಅದರಲ್ಲಿ ಯಾರಿಗೂ ಬಡಿಸಿಲ್ಲ. ಕೈ ಮುಂದೆ ಹೋಯಿತು, ಮನಸ್ಸು ಇನ್ನೂ ಬಂದಿಲ್ಲ. ಬಂದರೆ ನಾನೇ ಹೇಳುತ್ತಿದ್ದೆ.

ಇನ್ನೊಂದು ಮಾತು. ಹೋಗುವಾಗ ಅವನು ಹೇಳಿದ್ದ, ‘ತೊಗರಿ ರಾಶಿ ಮುಗೀಲ್ರಿ ಅಕ್ಕೋರ. ಅವ್ವಗ ವರ್ಷದ ಜ್ವಾಳ ತಂದು ಹಾಕಿ ನಾನ ಠಾಣೆಕ್ಕ ಹೋಗ್ತೇನಿ. ಅಲ್ಲೀತನಕ ಯಾರ ಮುಂದೂ ತೆಗೀಬ್ಯಾಡ್ರಿ.’ ನಾನು ಹ್ಞೂಂ ಅಂದಿದ್ದೆ. ನಿಮಗೆ ಬರೆಯುವಾಗ ಇದನ್ನು ಬಿಟ್ಟೆ. ನೀವು ಮನೆಯವರು. ನಿಮಗೂ ‘ಯಾರಿಗೂ ಹೇಳಬೇಡಿ’ ಅಂತ ಬರೆಯಬೇಕಾಗುತ್ತದೆ ಅಂತ ಅನಿಸಲಿಲ್ಲ.

ಸಾಯಗಾಂವದಲ್ಲಿ ಪಿಕಪ್ ಇದ್ದವರು ಎಷ್ಟು ಮಂದಿ ಇರುತ್ತಾರೆ ಅಕ್ಕ? ತಾಯಿ ಒಬ್ಬಳೇ ಇದ್ದವರು?

ಮಯೂರನಿಗೆ ನನ್ನ ಆಶೀರ್ವಾದ ತಿಳಿಸಿರಿ.

ಸಪನಾ

*

ಮೈಲೂರ, ಬೀದರ
೧೬ ಫೆಬ್ರುವರಿ ೨೦೨೫, ರವಿವಾರ

ಪ್ರಿಯ ಸಪನಾ,

ವಂದನೆ. ನಿನ್ನ ಪತ್ರವನ್ನು ಮತ್ತೆ ಮತ್ತೆ ಓದಿದೆ. ನನ್ನ ಮೇಲೆ ಬೇಸರವಾಗಿದೆ ಎಂದು ಗೊತ್ತಾಯಿತು. ಆದರೆ ಒಂದು ಮಾತು ಹೇಳಲೇ? ನೀನು ನಿನ್ನ ಬಗ್ಗೆ ಬಹಳ ಕಡಿಮೆ ಅಂದುಕೊಳ್ಳುತ್ತೀ. ಗಂಡನ ಪ್ರಾಣ ತೆಗೆದವನಿಗೆ ಊಟ ಬಡಿಸಿದ್ದು ಕ್ಷಮೆಯಲ್ಲದಿದ್ದರೆ ಇನ್ನೇನು? ಒಳ್ಳೆಯವರಿಗೆ ತಮ್ಮ ಒಳ್ಳೆಯತನ ಕಾಣುವುದಿಲ್ಲ. ಕಾಣಿಸಿದರೆ ಅದು ಒಳ್ಳೆಯತನವೇ ಅಲ್ಲವಂತೆ.

ನಾನು ಹೇಳಿದ್ದರಿಂದ ಕೇಡೇನೂ ಆಗಿಲ್ಲ. ಚಂದ್ರಭಾಗಾ ಆಯಿಯ ಮೊಮ್ಮಗಳು ನನ್ನ ಸಾಕ್ಷಿಯನ್ನು ಮೊಬೈಲಿನಲ್ಲಿ ಹಿಡಿದು ಸಭೆಯ ವಾಟ್ಸಾಪ್ ಗುಂಪಿಗೆ ಹಾಕಿದ್ದಾಳೆ. ಅಲ್ಲಿಂದ ಭಾಲ್ಕಿ, ಹುಮನಾಬಾದ ಸಭೆಗಳವರಿಗೂ ಹೋಗಿದೆ. ಬೇಡ ಅನ್ನಬಹುದಿತ್ತು. ಅನ್ನಲಿಲ್ಲ. ಗುರುತಿಲ್ಲದ ಒಬ್ಬ ಹೆಂಗಸು ಫೋನ್ ಮಾಡಿ, ಹತ್ತು ವರ್ಷ ಮಾತು ಬಿಟ್ಟಿದ್ದ ತಂಗಿಯ ಮನೆಗೆ ಹೋದೆ ಎಂದು ಅತ್ತಳು. ಇದನ್ನು ಹೇಗೆ ತೂಗುತ್ತೀ?

ಠಾಣೆಗೆ ಹೋಗುತ್ತೇನೆ ಎಂದು ಅವನು ಹೇಳಿದ್ದು ನನಗೆ ಗೊತ್ತಿದ್ದರೆ ಊರ ಹೆಸರು ಹೇಳುತ್ತಿರಲಿಲ್ಲ. ಅದನ್ನು ನೀನು ಬರೆಯಬೇಕಾಗಿತ್ತು. ನಾನು ಹಂಗಿಸುತ್ತಿಲ್ಲ, ಇಬ್ಬರೂ ನೆನಪಿಡೋಣ ಅಂತ ಅಷ್ಟೇ.

ಇಲ್ಲಿ ವಿಶೇಷವೇನಿಲ್ಲ. ಮಯೂರ ಗುರುವಾರ ಕ್ರಿಕೆಟ್ ಆಡಲು ಹೋಗಿ ಬಲಗೈ ಊದಿಸಿಕೊಂಡು ಬಂದಿದ್ದಾನೆ. ಗೋಡೆಗೆ ಬಡಿಯಿತಂತೆ. ಬೆರಳಿನ ಗೆಣ್ಣುಗಳ ಮೇಲೆಲ್ಲ ಚರ್ಮ ಸುಲಿದಿದೆ. ಅರಿಶಿನ ಹಚ್ಚಿ ಬಟ್ಟೆ ಕಟ್ಟಿದೆ. ಊಟ ಸರಿಯಾಗಿ ಮಾಡುತ್ತಿಲ್ಲ, ವಯಸ್ಸೇ ಹಾಗೆ. ನಿನ್ನ ಆಶೀರ್ವಾದ ತಿಳಿಸಿದೆ. ಸುಮ್ಮನೆ ತಲೆಯಾಡಿಸಿದ.

ವರದಾ

*

ಔರಾದ
೪ ಮಾರ್ಚ್ ೨೦೨೫

ಅಕ್ಕನವರಿಗೆ,

ಹೋದ ಶನಿವಾರ ಒಬ್ಬ ಮುದುಕಿ ಎರಡು ಬಸ್ಸು ಬದಲಿಸಿ ಇಲ್ಲಿಗೆ ಬಂದಿದ್ದಳು. ಹೆಸರು ಲಲಿತಾಬಾಯಿ. ವೈಜಿನಾಥನ ತಾಯಿ. ಅಡುಗೆಮನೆ ಹೊಸ್ತಿಲ ಮೇಲೆ ಕೂತಳು, ಒಳಗೆ ಬರಲಿಲ್ಲ.

‘ನೀನೇನವ್ವ ಆಕಿ?’ ಅಂದಳು.

‘ಹೌದ್ರಿ’ ಅಂದೆ.

‘ನನ್ನ ಮಗ ಮಾಳಗಿ ಮ್ಯಾಲಿಂದ ಬಿದ್ದಾನಂತ. ದವಾಖಾನ್ಯಾಗ ಹಂಗ ಬರಸ್ಯಾನ, ಪೊಲೀಸರ ಮುಂದೂ ಹಂಗ ಹೇಳ್ಯಾನ. ಬಲಗೈ ನುಚ್ಚ ಆಗ್ಯಾದ. ಈ ಕೈ ಇನ್ನ ಸ್ಟೇರಿಂಗ ಹಿಡ್ಯಾಂಗಿಲ್ಲ ಅಂತಾನ ಡಾಕ್ಟರ. ನಾ ಹೊಲದಾಗಿಂದ ಬರೂ ಹೊತ್ತಿಗಿ ಮೂರು ಹುಡುಗರು ಗಾಡಿ ಹತ್ತಿ ಓಡಿದ್ರು. ಮಾಳಗಿ ಮ್ಯಾಲಿಂದ ಬಿದ್ದವರ ಬೆನ್ನ ಮ್ಯಾಲ ಬೂಟಿನ ಗುರ್ತ ಬೀಳ್ತಾವೇನವ್ವ?’

ಅವಳೇ ಹೇಳಿದಳು, ‘ನಮ್ಮೂರ ಹುಡುಗರ ಮೊಬೈಲದಾಗ ಯಾರೋ ಹೆಣ್ಮಗಳು ಅಳಕೋತ ಮಾತಾಡ್ಲಿಕ್ಹತ್ತಿದ್ಳು. ನಿಮ್ಮ ದೇವ್ರು ಮಾಫಿ ಮಾಡ್ತಾನಂತ ಕೇಳಿದ್ದೆ. ಡಂಗುರಾ ಹೊಡದು ಮಾಡ್ತಾನಂತ ಗೊತ್ತಿರ್ಲಿಲ್ಲ.’

ಊಟದ ಹೊತ್ತಾಗಿತ್ತು. ತಟ್ಟೆ ಇಟ್ಟೆ. ದೂರ ಸರಿಸಿದಳು. ‘ನಿನ್ನ ರೊಟ್ಟಿ ಬ್ಯಾಡ. ನನ್ನ ಮಗ ಉಂಡು ಹೋದದ್ದ ಸಾಕು’ ಅಂದಳು.

ಅಕ್ಕ, ನಿಮ್ಮಿಂದ ನಾನು ಮುಚ್ಚಿಟ್ಟದ್ದು ಇನ್ನೂ ಒಂದಿದೆ. ಇದನ್ನು ಹೇಳದೆ ಬೇರೇನು ಹೇಳಿದರೂ ಸುಳ್ಳೇ. ಗಾಡಿ ಹೊಡೆದಾಗ ನಮ್ಮವರು ಸತ್ತಿರಲಿಲ್ಲ. ವೈಜಿನಾಥ ಇಳಿದು ಹತ್ತಿರ ಹೋಗಿದ್ದನಂತೆ. ಅವರು ನೀರು ಕೇಳಿದರಂತೆ. ಗಾಡಿಯಲ್ಲಿದ್ದ ಬಾಟಲಿಯಿಂದ, ತಲೆ ತೊಡೆಯ ಮೇಲೆ ಇಟ್ಟುಕೊಂಡು ಕುಡಿಸಿದನಂತೆ. ಕುಡಿದರಂತೆ. ಅಷ್ಟರಲ್ಲಿ ದೂರದಲ್ಲಿ ಬಸ್ಸಿನ ಬೆಳಕು ಕಂಡಿತು. ಹೆದರಿ, ತಲೆ ಕೆಳಗಿಟ್ಟು, ಓಡಿಹೋದ. ಬಸ್ಸಿನವರು ದವಾಖಾನೆಗೆ ಒಯ್ಯುವುದರೊಳಗೆ ಮುಗಿದಿತ್ತು. ಇವನು ಅಲ್ಲಿಂದಲೇ ಎತ್ತಿಕೊಂಡು ಹೋಗಿದ್ದರೆ ಅಂತ ನಾನು ದಿನಾ ಅಂದುಕೊಳ್ಳುತ್ತೇನೆ. ರೊಟ್ಟಿ ಬಡಿಯುವಾಗಲೂ ಅದೇ.

ಶವಪೆಟ್ಟಿಗೆಯ ಮುಂದೆ ನೀವು ‘ಅವನಿಗೆ ನೋವಾಗಿರಲಿಕ್ಕಿಲ್ಲ, ತಿಳಿಯುವುದರೊಳಗೆ ಮುಗಿದಿರಬೇಕು’ ಎಂದು ಎಲ್ಲರಿಗೂ ಹೇಳುತ್ತಿದ್ದಿರಿ. ಅದನ್ನು ನಿಮ್ಮಿಂದ ಕಸಿದುಕೊಳ್ಳಲು ನನಗೆ ಮನಸ್ಸಾಗಲಿಲ್ಲ.

ಯಾರು ಹೋಗಿದ್ದರು ಅಕ್ಕ? ಗೊತ್ತಿದ್ದರೆ ಬರೆಯಿರಿ. ಆ ಮೂವರಲ್ಲಿ ಒಬ್ಬ ಹೊಡೆಯುತ್ತಾ ಅಳುತ್ತಿದ್ದನಂತೆ. ಲಲಿತಾಬಾಯಿಗೆ ನೆರೆಮನೆಯವರು ಹೇಳಿದ್ದು.

ಸಪನಾ

*

ಬೀದರ
೧೦ ಮಾರ್ಚ್ ೨೦೨೫

ಸಪನಾ,

ಯಾರು ಹೋಗಿದ್ದರೋ ನನಗೆ ಗೊತ್ತಿಲ್ಲ. ಗಂಜಿನ ಹುಡುಗರಿರಬಹುದು. ವಸಂತನನ್ನು ಅಲ್ಲಿ ಎಲ್ಲರೂ ಬಹಳ ಹಚ್ಚಿಕೊಂಡಿದ್ದರು.

ಬದುಕಿದ್ದ. ನೀರು ಕೇಳಿದ. ನನ್ನ ತಮ್ಮ ರಸ್ತೆಯ ಮೇಲೆ ಬಿದ್ದು ನೀರು ಕೇಳಿದ್ದು ಜನವರಿಯಿಂದ ನಿನಗೆ ಗೊತ್ತಿತ್ತು. ನಾನು ಏನೂ ತಿಳಿಯದೆ ಮುನ್ನೂರು ಜನರ ಮುಂದೆ ನಿಂತು ಕ್ಷಮೆಯ ಮಾತಾಡಿದೆ. ನನ್ನನ್ನು ಮಾತಾಡಲು ಬಿಟ್ಟವಳು ನೀನು.

ಅವನ ಕೈ ನುಚ್ಚಾಗಿದ್ದರೆ ಆಗಲಿ. ಇದನ್ನು ಬರೆದು ಹೊಡೆದುಹಾಕಬೇಕೆಂದಿದ್ದೆ. ಹೊಡೆದುಹಾಕುತ್ತಿಲ್ಲ.

ವರದಾ

*

ಔರಾದ
೨೫ ಮಾರ್ಚ್ ೨೦೨೫

ಅಕ್ಕನವರಿಗೆ ವಂದನೆ.

ನಿಮ್ಮ ಸಿಟ್ಟು ನನಗೆ ಅರ್ಥವಾಗುತ್ತದೆ. ಅದೇ ಸಿಟ್ಟಿನ ಜೊತೆ ನಾನು ಎರಡು ತಿಂಗಳಿಂದ ಒಂದೇ ಅಡುಗೆಮನೆಯಲ್ಲಿದ್ದೇನೆ.

ಮಯೂರನ ಕೈ ಈಗ ಹೇಗಿದೆ? ಹೋದ ಪತ್ರದಲ್ಲಿ ನೀವು ಬರೆಯಲಿಲ್ಲ. ಗೋಡೆಗೆ ಬಡಿದರೆ ಅಂಗೈಗೋ ಮೊಣಕೈಗೋ ಆಗುತ್ತದೆ. ಗೆಣ್ಣುಗಳಿಗೆ ಆಗುವುದಿಲ್ಲ ಅಂತ ನನಗೆ ಅನಿಸಿತು. ತಪ್ಪಿದ್ದರೆ ತಿದ್ದಿರಿ.

ನಮ್ಮವರು ತೀರಿಹೋದ ದಿನ ನನ್ನ ಜೊತೆ ಕೂತು ಅತ್ತವನು ಅವನೊಬ್ಬನೇ. ಉಳಿದವರೆಲ್ಲ ಸಮಾಧಾನ ಹೇಳಿದರು.

ಸಪನಾ

*

ಮೈಲೂರ, ಬೀದರ
೧೯ ಏಪ್ರಿಲ್ ೨೦೨೫, ಶನಿವಾರ

ಪ್ರಿಯ ಸಪನಾ,

ನಿನ್ನ ಪತ್ರ ಬಂದು ಮೂರು ವಾರಗಳ ಮೇಲಾಯಿತು. ನಿನ್ನೆ ಶುಭ ಶುಕ್ರವಾರದ ದೀರ್ಘ ಆರಾಧನೆ ಮುಗಿಯಿತು, ನಾಳೆ ಈಸ್ಟರ್ ಹಬ್ಬ. ನಡುವಿನ ಈ ದಿನ ಸಭೆಯಲ್ಲಿ ಏನೂ ಇರುವುದಿಲ್ಲ. ನಿನಗೆ ಬರೆಯಲು ಇದೇ ತಕ್ಕ ದಿನ ಅನಿಸಿತು.

ಯಾರು ಹೋಗಿದ್ದರೋ ಗೊತ್ತಿಲ್ಲ ಎಂದು ಬರೆದಿದ್ದೆನಲ್ಲ, ಅದು ಸುಳ್ಳು. ‘ಒಬ್ಬ ಅಳುತ್ತಿದ್ದನಂತೆ’ ಎಂಬ ನಿನ್ನ ಸಾಲು ಓದಿದ ಕೂಡಲೇ ಗೊತ್ತಾಗಿತ್ತು. ಆದರೂ ಬರೆದೆ. ನಿನ್ನ ಮೇಲೆ ಅಷ್ಟು ಸಿಟ್ಟು ಮಾಡಿದ್ದು ಸಿಟ್ಟು ಬಂದಿತ್ತೆಂದು ಮಾತ್ರವಲ್ಲ. ಸಿಟ್ಟು ಮಾಡಿದರೆ ನೀನು ಎರಡನೆಯ ಸಲ ಕೇಳುವುದಿಲ್ಲ ಎಂದೂ ಇತ್ತು. ನೀನು ಕೇಳಿದೆ.

ನಿನ್ನ ಪತ್ರ ಬಂದ ಸಂಜೆ ಮಯೂರನನ್ನು ಕೇಳಿದೆ. ಚಹಾ ಕುಡಿಯುತ್ತಿದ್ದ.

‘ಕೈಗೆ ಏನಾಗಿತ್ತೋ?’

‘ಹೇಳಿದ್ನಲ್ಲ ಮಮ್ಮಿ. ಕ್ರಿಕೆಟ್.’

‘ಸಾಯಗಾಂವದಾಗ ಆಡಿದೇನು ಕ್ರಿಕೆಟ್?’

ಕಪ್ಪು ಕೆಳಗಿಟ್ಟ. ಅಳುತ್ತಾನೆ ಎಂದುಕೊಂಡೆ, ಅಳಲಿಲ್ಲ. ‘ನಿನಗ ಅಂವ ಯಾವಾಗ ಗೊತ್ತಾದ?’ ಎಂದು ನನ್ನನ್ನೇ ಕೇಳಿದ.

‘ಜನವರ್ಯಾಗ.’

‘ಮತ್ತ ನನಗ ಇಡೀ ಸಭಾದ ಜೋಡಿ ಹೇಳಿದಿ. ಎಲ್ಲಾರೂ ಮೂಗ ಒರಸ್ಕೋಳಾಕತ್ತಿದ್ರು, ನಾ ಹಲ್ಲ ಕಚ್ಚಿ ಕೂತಿದ್ದೆ. ಮಾಮಾ ನನಗ ಏನೂ ಅಲ್ಲೇನು? ಮಾಮಿ ಮಾಫಿ ಮಾಡ್ಯಾರ ಅಂದ್ರ ಮಾಡ್ಲಿ, ಅದು ಅವರ ದೊಡ್ಡ ಮನಸ್ಸು. ನಾ ಮಾಡಿಲ್ಲ.’

‘ಮಾಮಿನೂ ಮಾಡಿಲ್ಲ’ ಎಂದೆ.

ನನ್ನ ಮುಖ ನೋಡಿದ. ‘ಮತ್ತ ನೀ ಹಂಗ ಯಾಕ ಹೇಳಿದಿ?’

ಇಪ್ಪತ್ತು ವರ್ಷದಿಂದ ಮಕ್ಕಳಿಗೆ ಪಾಠ ಹೇಳುತ್ತಿದ್ದೇನೆ. ಉತ್ತರ ಗೊತ್ತಿಲ್ಲದ ಪ್ರಶ್ನೆಯನ್ನು ನನ್ನ ಮಗ ಕೇಳಿದ್ದು ಅದೇ ಮೊದಲು. ಅವನ ಪಪ್ಪಾ ಒಳಗಿನಿಂದ ಬಂದರು. ಎಲ್ಲ ಕೇಳಿಸಿಕೊಂಡಿದ್ದರು. ‘ಅಂವ ತಾನ ಬಿದ್ದೇನಿ ಅಂತ ಬರಸ್ಯಾನ. ಮುಗೀತು’ ಎಂದರು. ‘ಹುಡುಗನ ಮ್ಯಾಲ ಒಮ್ಮಿ ಕೇಸ ಬಿತ್ತಂದ್ರ ನೌಕರಿ ಕನಸಿನ ಮಾತು. ನಿನ್ನ ಒಳ್ಳೆತನಕ್ಕ ಇನ್ನ ಮಗನ ತಲಿ ಬೇಕೇನು?’

ಅವರು ಹೇಳಿದ್ದರಲ್ಲಿ ಸುಳ್ಳು ಒಂದೂ ಇಲ್ಲ. ಯಾರೂ ನಮ್ಮನ್ನು ಕೇಳುತ್ತಿಲ್ಲ, ಕೇಳುವವರೂ ಇಲ್ಲ. ಕೆಲವು ದಿನ ನಾನೂ ಹಾಗೇ ಇದ್ದೆ. ಆಮೇಲೆ ಹೋದ ಶನಿವಾರ ಸಾಯಗಾಂವಕ್ಕೆ ಹೋದೆ. ಯಾಕೆ ಹೋದೆ ಎಂದು ಚೆಂದವಾಗಿ ಬರೆಯಲು ಮನಸ್ಸು ಓಡುತ್ತಿದೆ. ಫೆಬ್ರುವರಿಯಲ್ಲಿ ನನ್ನನ್ನು ಎಬ್ಬಿಸಿ ನಿಲ್ಲಿಸಿದ್ದೂ ಇದೇ ಮನಸ್ಸು. ಅದಕ್ಕೆ ನಡೆದದ್ದನ್ನಷ್ಟೇ ಬರೆಯುತ್ತೇನೆ.

ಬೇವಿನ ಮರದ ಕೆಳಗೆ ಪಿಕಪ್ ನಿಂತಿತ್ತು, ಮೇಲೆ ತಾಡಪತ್ರಿ ಹೊದಿಸಿ ಹಗ್ಗ ಬಿಗಿದಿದ್ದರು. ಲಲಿತಾಬಾಯಿ ಅಂಗಳದಲ್ಲಿ ಕಡಲೆ ಕೇರುತ್ತಿದ್ದಳು. ‘ಯಾರಿಗಿ ಕೇಳ್ತೀರಿ?’ ಎಂದಳು. ವಸಂತನ ಅಕ್ಕ ಎಂದೆ. ಮೊರ ಕೆಳಗಿಡಲಿಲ್ಲ, ಕೇರುವುದನ್ನೂ ನಿಲ್ಲಿಸಲಿಲ್ಲ. ‘ವೈಜ್ಯಾ, ಹೊರಗ ಬಾ. ಡಂಗುರದಾಕಿ ಬಂದಾಳ’ ಎಂದು ಕೂಗಿದಳು.

ಅವನು ಬಂದ. ನಾನು ಕಲ್ಪಿಸಿಕೊಂಡಿದ್ದವನಿಗಿಂತ ಕುಳ್ಳ. ಬಲಗೈ ಕೊರಳಿಗೆ ಕಟ್ಟಿದ ಪಟ್ಟಿಯಲ್ಲಿತ್ತು, ಬೆರಳುಗಳು ಯಾರದೋ ಬೆರಳುಗಳಂತೆ ಜೋತಿದ್ದವು. ಅಂಗಿಯ ಗುಂಡಿಗಳನ್ನು ತಪ್ಪು ತಪ್ಪಾಗಿ ಹಾಕಿಕೊಂಡಿದ್ದ. ಎಡಗೈಯಿಂದ ಹಾಕಿದ್ದಿರಬೇಕು. ನನಗೆ ಮರುಕ ಬರಲಿಲ್ಲ, ಸಪನಾ. ಆ ಕೈ ನನ್ನ ತಮ್ಮನ ತಲೆಯನ್ನು ರಸ್ತೆಯ ಮೇಲೆ ಇಟ್ಟು ಓಡಿದ ಕೈ ಎಂಬುದೊಂದೇ ತಲೆಯಲ್ಲಿತ್ತು.

‘ಆ ಮೂವರೊಳಗ ಒಬ್ಬಾಂವ ನನ್ನ ಮಗ’ ಎಂದೆ.

‘ಅಳ್ತಿದ್ದಾಂವ?’

‘ಹೌದು.’

‘ಗೊತ್ತಿತ್ರಿ’ ಎಂದ. ‘ಮಾಮಾನ ಮಾರಿ ಅದ ಅವಂದು. ಆ ಮಾರಿ ನಾ ಹತ್ತಿರದಿಂದ ನೋಡೇನ್ರಿ. ಅದಕ್ಕ ಮಾಳಗಿ ಮ್ಯಾಲಿಂದ ಬಿದ್ದೇನಿ ಅಂದೆ.’

ಕಟ್ಟೆಯ ಮೇಲೆ ಕೂತೆ. ‘ನೀರ ಕೊಡವ್ವ ಅವರಿಗಿ’ ಎಂದ. ಲಲಿತಾಬಾಯಿ ಏಳಲಿಲ್ಲ. ಅವನೇ ಒಳಗೆ ಹೋಗಿ ಎಡಗೈಯಲ್ಲಿ ತಂಬಿಗೆ ತಂದ, ದಾರಿಯಲ್ಲಿ ಅರ್ಧ ತುಳುಕಿತು. ನಾನು ಅದನ್ನು ತೆಗೆದುಕೊಂಡೆ. ವಸಂತನಿಗೆ ಕೊನೆಯ ನೀರು ಕೊಟ್ಟವನೂ ಅವನೇ, ಬಿಟ್ಟು ಓಡಿದವನೂ ಅವನೇ. ಕುಡಿದೆ. ಬಾಯಾರಿತ್ತು, ಅದಕ್ಕೆ ಕುಡಿದೆ. ನೀನು ರೊಟ್ಟಿ ಕೊಟ್ಟೆ ಅಂತ ಬರೆದದ್ದರ ಅರ್ಥ ಆಗ ತಿಳಿಯಿತು.

ಅವನು ಹೇಳಿದ: ‘ನಾ ಸಪನಾ ಅಕ್ಕೋರಿಗಿ ಮಾತ ಕೊಟ್ಟಿದ್ದೆ. ರಾಶಿ ಮುಗದಾವ. ಜ್ವಾಳ ತರೂದು ಆಗಲಿಲ್ಲ. ಇನ್ನ ಈ ಕೈಲಿಂದ ಆಗೂದೂ ಇಲ್ಲ. ನಿಮ್ಮ ಹಬ್ಬ ಮುಗದ ಸೋಮವಾರ ಭಾಲ್ಕಿ ಠಾಣೆಕ್ಕ ಹೋಗ್ತೇನಿ. ಕೈ ಹಿಂಗ ಹ್ಯಾಂಗಾತು ಅಂತ ಕೇಳಿದ್ರ ಮಾಳಗೀನ ಹೇಳ್ತೇನಿ. ನಿಮ್ಮ ಹುಡುಗನ ಹೆಸರ ಬರಂಗಿಲ್ಲ.’

ಆಗ ಲಲಿತಾಬಾಯಿ ಮೊರ ಕೆಳಗಿಟ್ಟಳು. ‘ನೀ ಯಾಕ ಹೇಳ್ತಿ? ಆಕಿ ಹೇಳ್ಲಿ’ ಎಂದಳು. ನನ್ನ ಕಡೆ ತಿರುಗಿ, ‘ಸಭಾದಾಗ ಎದ್ದು ಹೇಳಾಕ ಬರ್ತದಲ್ಲ ನಿನಗ. ಠಾಣೆದಾಗ ಬರ್ತದೇನು?’ ಎಂದಳು.

ಬಸ್ಸಿನಲ್ಲಿ ಬರುವಾಗ ಆ ಮಾತಿನ ಹೊರತು ಬೇರೆ ಏನೂ ಕೇಳಿಸಲಿಲ್ಲ.

ಮನೆಗೆ ಬಂದು ಅಂದಿನಿಂದ ಹಿಡಿ ಹಿಟ್ಟು ತೆಗೆಯಲು ಶುರು ಮಾಡಿದ್ದೇನೆ, ಅವ್ವನ ಹಾಗೆ, ನಾದುವ ಮೊದಲು. ಸಭೆಗಲ್ಲ, ಲಲಿತಾಬಾಯಿಗೆ. ಪ್ರೀತಿಯಿಂದ ತೆಗೆಯುತ್ತೇನೆ ಎಂದು ತಿಳಿಯಬೇಡ. ಕೆಲವು ದಿನ ಡಬ್ಬಿಯ ಹತ್ತಿರ ಬರುವುದರೊಳಗೆ ಬೆರಳು ಸಡಿಲಾಗಿ ಅರ್ಧ ಹಿಟ್ಟು ತಿರುಗಿ ನಮ್ಮ ಪರಾತಕ್ಕೇ ಸೋರುತ್ತದೆ. ಸೋರಿತು ಎನ್ನುವುದೂ ಸುಳ್ಳು, ನಾನೇ ಬಿಡುತ್ತೇನೆ. ಮನಸ್ಸು ಬರುವ ತನಕ ಕಾದರೆ ಡಬ್ಬಿ ತುಂಬುವುದಿಲ್ಲ ಎಂದು ಅವ್ವ ಹೇಳಿದ್ದು ಒಳ್ಳೆಯ ದಿನಗಳಿಗಲ್ಲ, ಇಂಥ ದಿನಗಳಿಗೆ. ಅವಳೂ ಯಾರ ಮೇಲೆ ಹಲ್ಲು ಕಚ್ಚಿಕೊಂಡು ಆ ಹಿಡಿ ತೆಗೆಯುತ್ತಿದ್ದಳೋ, ನಾವು ಕೇಳಲಿಲ್ಲ.

ನಾಳೆ ಹಬ್ಬದ ಆರಾಧನೆಯಲ್ಲಿ ಮತ್ತೆ ಸಾಕ್ಷಿ ಹೇಳಬೇಕಂತೆ. ಚಂದ್ರಭಾಗಾ ಆಯಿ ಮನೆಗೇ ಬಂದು, ‘ಪುನರುತ್ಥಾನದ ದಿವಸ ನಿನ್ನ ಮಾತು ಇಲ್ಲಂದ್ರ ಹ್ಯಾಂಗವ್ವಾ, ಮಂದಿ ಕಾಯ್ಲಿಕ್ಹತ್ಯಾರ’ ಎಂದಳು. ಗಂಟಲು ಸರಿಯಿಲ್ಲ ಎಂದೆ. ‘ಲವಂಗ ಅಗೀ’ ಎಂದು ಹೋದಳು.

ಸೋಮವಾರ ಬೆಳಿಗ್ಗೆ ನಾನು ಭಾಲ್ಕಿಗೆ ಹೋಗುತ್ತೇನೆ. ವೈಜಿನಾಥ ತನ್ನದನ್ನು ಹೇಳುತ್ತಾನೆ. ಅವನ ಕೈ ಹೇಗೆ ಹೋಯಿತು ಎಂಬುದನ್ನು ನಾನು ಹೇಳುತ್ತೇನೆ, ನನ್ನ ಮಗನ ಹೆಸರಿನೊಂದಿಗೆ. ನಾನೇ ಆ ದಾರಿ ತೋರಿಸಿದೆ ಎಂಬುದನ್ನೂ ಹೇಳುತ್ತೇನೆ. ಕಾನೂನಿನಲ್ಲಿ ಅದಕ್ಕೆ ಹೆಸರಿಲ್ಲದಿದ್ದರೂ ಬರೆದುಕೊಳ್ಳಲಿ. ಇದರಿಂದ ವಸಂತ ಬರುವುದಿಲ್ಲ, ಆ ಕೈ ಸರಿಯಾಗುವುದಿಲ್ಲ, ಮಯೂರನ ಮುಂದಿನ ದಾರಿ ಏನಾಗುತ್ತದೋ ಗೊತ್ತಿಲ್ಲ. ಇದನ್ನು ಒಳ್ಳೆಯದು ಎಂದು ಕರೆಯಲು ನನಗೆ ಧೈರ್ಯವಿಲ್ಲ. ಬೇರೆ ಎಲ್ಲ ದಾರಿಗಳಲ್ಲೂ ಆ ಮನುಷ್ಯ ನಮ್ಮ ಮಗನಿಗಾಗಿ ಸುಳ್ಳು ಹೇಳುತ್ತಲೇ ಇರಬೇಕಾಗುತ್ತದೆ. ಅಷ್ಟು ಸಾಲ ನನ್ನ ಕೈಲಿ ಹೊರಲಾಗದು.

ಮಯೂರನಿಗೆ ಹೇಳಿದ್ದೇನೆ. ಈ ಸಲ ಅವನಿಗೇ ಮೊದಲು. ಬರುತ್ತೇನೆ ಎನ್ನಲಿಲ್ಲ, ಬರುವುದಿಲ್ಲ ಎನ್ನಲಿಲ್ಲ. ಸಂಜೆ ಬಿಳಿ ಅಂಗಿಗೆ ಇಸ್ತ್ರಿ ಹಾಕುತ್ತಿದ್ದ. ನಾಳೆಯ ಹಬ್ಬಕ್ಕೋ ನಾಡಿದ್ದಿಗೋ, ಕೇಳಲಿಲ್ಲ. ಅವನ ಪಪ್ಪಾ ಎರಡು ದಿನದಿಂದ ನನ್ನ ಜೊತೆ ಮಾತಾಡಿಲ್ಲ. ಮಯೂರ ಬಾರದಿದ್ದರೆ ಒಬ್ಬಳೇ ಹೋಗುತ್ತೇನೆ.

ನಿನ್ನ ಕ್ಷಮೆ ಕೇಳುವುದಿಲ್ಲ. ಕೇಳಿದರೆ ನಿನ್ನ ಕೈ ಮತ್ತೆ ತಾನಾಗಿ ಮುಂದೆ ಬಂದೀತು. ಮನಸ್ಸು ಬಂದ ದಿನ ನೀನೇ ಬರೆ. ಬಾರದಿದ್ದರೆ ಹಾಸ್ಟೆಲಿನ ಸುದ್ದಿಯನ್ನಾದರೂ ಬರೆ.

ಈ ಪತ್ರವನ್ನು ಮೈಲೂರಿನ ಡಬ್ಬಿಗೆ ಹಾಕುವುದಿಲ್ಲ. ಮಾಡುವ ಮೊದಲೇ ಹೇಳಿಬಿಟ್ಟರೆ ನನಗೆ ಮಾಡಿದಷ್ಟೇ ಹಗುರಾಗುತ್ತದೆ, ಅದೇ ನನ್ನ ರೋಗ. ಇದು ಹಿಟ್ಟಿನ ಚೀಲದ ಜೊತೆ ನನ್ನ ಕೈಚೀಲದಲ್ಲಿ ಠಾಣೆಯೊಳಗೆ ಬರುತ್ತದೆ. ಅಲ್ಲಿ ಬಾಯಿ ತೆರೆಯಲಾಗದೆ ಹೋದರೆ ನನ್ನ ಜೊತೆಗೇ ತಿರುಗಿ ಬಂದು ಒಲೆಗೆ ಹೋಗುತ್ತದೆ. ನಿನ್ನ ಕೈಗೆ ಬಂದಿದ್ದರೆ, ಹೇಳಿ ಹೊರಗೆ ಬಂದ ಮೇಲೆ ಹಾಕಿದ್ದು.

ವರದಾ

ಅಂಚೆಗೆ ಹಾಕುವುದು: ಭಾಲ್ಕಿ, ೨೧ ಏಪ್ರಿಲ್ ೨೦೨೫, ಸೋಮವಾರ.